ಬಾಗಿಲ ಮೇಲೆ 1687, ಒಳಗೋಡೆಯಲ್ಲಿ ತೇವ: ಯಾರ್ಕ್‌ಷೈರ್ ಡೇಲ್ಸ್‌ನ ಕಲ್ಲುಮನೆಗೆ ಏನು ಮಾಡಬೇಕು?

ಸ್ವೇಲ್‌ಹೊಳೆ
ಹಳೇ ಕಲ್ಲು ಕಟ್ಟಡದ ಕೆಲಸ ಬಲ್ಲವರು ಇಲ್ಲಿ ಹಲವರಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ರೈತರ ಮನೆ, ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್ ಕಣಿವೆಗಳಲ್ಲೊಂದಾದ ಸ್ವೇಲ್‌ಡೇಲ್‌ನಲ್ಲಿದೆ, ಕಾನೂನಿನ ರಕ್ಷಣೆಯಿರುವ ಹಳೇ ಕಟ್ಟಡಗಳ ಗ್ರೇಡ್ 2 ಪಟ್ಟಿಗೆ ಸೇರಿದೆ. ಇಳಿಜಾರಿನುದ್ದಕ್ಕೂ ಚಾಚಿದ ಎರಡು ಅಂತಸ್ತು, ಅಗಲಕ್ಕೆ ಒಂದೇ ಕೋಣೆ, ಹಿಂದುಗಡೆ ಒಂದು ಇಳಿಮಾಡು. ಗೋಡೆ 70 ಸೆಂ.ಮೀ. ದಪ್ಪ, ಸುಣ್ಣಕಲ್ಲಿನ ಕಾಡುಗಲ್ಲು, ಮೂಲೆಗೂ ಕಿಟಕಿಗೂ ಮರಳುಗಲ್ಲು. ಹೊರಗೆ ಕಲ್ಲಿನ ಸಂದುಗಳಿಗೆಲ್ಲ ಸಿಮೆಂಟ್ ತುಂಬಿದ ಪಾಯಿಂಟಿಂಗ್, ಒಳಗೆ ಜಿಪ್ಸಂ ಪ್ಲಾಸ್ಟರ್. ಕೆಳತುದಿಯ ಕೋಣೆ ಹಿಂದೆ ದನದ ಕೊಟ್ಟಿಗೆಯಂತೆ. ಅಲ್ಲಿ ನೆಲದಿಂದ ಒಂದು ಮೀಟರ್ ಎತ್ತರದವರೆಗೆ ಪ್ಲಾಸ್ಟರ್ ಉಬ್ಬಿ ಬಿಳಿ ಪುಡಿ ಉದುರುತ್ತಿದೆ. ಸರ್ವೇಯರ್ ಮೀಟರ್ ಒತ್ತಿ ನೋಡಿ, ನೆಲದ ತೇವ ಮೇಲೇರಿದೆ, ಗೋಡೆಗೆ ರಾಸಾಯನಿಕ ಇಂಜೆಕ್ಷನ್ ಕೊಡಿಸಿ, ಒಳಗೆ ಸಿಮೆಂಟ್ ಪದರ ಹಾಕಿಸಿ ಅಂದಿದ್ದಾರೆ. ಮಾಡಿಗೆ (ಚಾವಣಿಗೆ) ಕಲ್ಲಿನ ಚಪ್ಪಡಿ, ನಡುವೆ ತಗ್ಗಿದೆ. ಬಾಗಿಲ ಮೇಲಿನ ಕಲ್ಲಿನಲ್ಲಿ 1687 ಮತ್ತು ಮೂರು ಅಕ್ಷರ. ಇಂಜೆಕ್ಷನ್ ಕೊಡಿಸಲೇಬೇಕಾ? ಮಾಡು ಬೀಳುತ್ತಾ? ಮನೆ ನಿಜಕ್ಕೂ 1687ರದ್ದೇ?

ಮೂಲೆಗಲ್ಲು
ಇಂಜೆಕ್ಷನ್ ಬೇಡ. ಇದನ್ನು ಮೊದಲು ಹೇಳಿ ಮುಂದಕ್ಕೆ ಹೋಗೋಣ.

ಆ ಗೋಡೆ ಒಂದೇ ಗೋಡೆಯಲ್ಲ. ಹೊರಗೊಂದು ಸಾಲು, ಒಳಗೊಂದು ಸಾಲು, ನಡುವೆ ಚೂರುಗಲ್ಲು, ಮಣ್ಣು, ಸ್ವಲ್ಪ ಸುಣ್ಣ. ಎರಡೂ ಸಾಲುಗಳನ್ನು ಹಿಡಿದಿಡಲು ಅಲ್ಲಲ್ಲಿ ಆರಪಾರ ಹೋಗುವ ಉದ್ದಗಲ್ಲು. ರಾಸಾಯನಿಕ ಇಂಜೆಕ್ಷನ್ ಹುಟ್ಟಿದ್ದು ಇಟ್ಟಿಗೆ ಗೋಡೆಗೆ. ಅಲ್ಲಿ ಅಡ್ಡಕ್ಕೆ ನೇರವಾಗಿ ಓಡುವ ಗಾರೆಯ ಸಾಲು ಇರುತ್ತದೆ, ಅದರಲ್ಲಿ ತೂತು ಕೊರೆದು ತುಂಬಿದರೆ ತೇವ ತಡೆಯುವ ಒಂದು ಪಟ್ಟಿಯಾದರೂ ಆಗುತ್ತದೆ. ಕಾಡುಗಲ್ಲಿನ ಗೋಡೆಯಲ್ಲಿ ನೇರ ಸಾಲೇ ಇಲ್ಲ. ಕೊರೆದರೆ ತೂತು ಕಲ್ಲಿಗೆ ಬೀಳುತ್ತದೆ, ಇಲ್ಲವೇ ನಡುವಿನ ಟೊಳ್ಳಿಗೆ. ಸುರಿದದ್ದೆಲ್ಲ ಸಂದಿಯಲ್ಲಿ ಇಳಿದು ಹೋಗುತ್ತದೆ. ಮೇಲಾಗಿ ಡೇಲ್ಸ್‌ನ ಸುಣ್ಣಕಲ್ಲು ಗಟ್ಟಿ, ನೀರನ್ನು ಹೆಚ್ಚು ಹೀರುವುದಿಲ್ಲ. ತೇವ ಓಡಾಡುವುದೆಲ್ಲ ಗಾರೆಯಲ್ಲಿ. ಆ ಗಾರೆಯ ಬಾಯಿಯನ್ನೇ ಸಿಮೆಂಟ್ ಮುಚ್ಚಿದೆ. ಮಳೆನೀರು ಸಿಮೆಂಟಿನ ಕೂದಲೆಳೆಯ ಬಿರುಕಿನಿಂದ ಒಳಹೊಗುತ್ತದೆ, ಆರಿಹೋಗಲು ದಾರಿ ಇಲ್ಲ, ಹಾಗಾಗಿ ಒಳಮುಖಕ್ಕೆ ಬರುತ್ತದೆ.

ಧಾರವಾಡದಾಂವ
ಎರಡು ರೊಟ್ಟಿ ನಡುವ ಪಲ್ಯಾ ಇಟ್ಟಂಗ ಗೋಡಿ. ಪಲ್ಯಾಕ್ಕ ಇಂಜೆಕ್ಷನ್ ಕೊಡ್ತಾರಂತ!

ತೇವಮಾಪಕ
ನಗುವುದು ಸುಲಭ. ನೆಲದ ತೇವ ಮೇಲೇರುವುದು ಸುಳ್ಳೇನಲ್ಲ. ಒಂದು ಮೀಟರ್ ಎತ್ತರಕ್ಕೆ ಸರಿಯಾಗಿ ಗೆರೆ ಎಳೆದಂತೆ ಇದ್ದರೆ ಸರ್ವೇಯರ್ ಹಾಗೆ ಬರೆಯುವುದು ಸಹಜ. ಮೀಟರಿನಲ್ಲೂ ಬಂದಿದೆಯಲ್ಲ?

ಮೂಲೆಗಲ್ಲು
ಸರ್, ಆ ಕೈಮೀಟರ್ ಅಳೆಯುವುದು ನೀರನ್ನಲ್ಲ, ಎರಡು ಸೂಜಿಗಳ ನಡುವಿನ ವಿದ್ಯುತ್ ನಿರೋಧವನ್ನು. ಅದರ ಅಂಕಿ ಹೊಂದಿಸಿರುವುದು ಮರಕ್ಕೆ. ಗೋಡೆಯಲ್ಲಿ ಉಪ್ಪಿದ್ದರೆ ಅರೆ ಒಣಗಿದ ಪ್ಲಾಸ್ಟರಿನಲ್ಲೂ ಕೆಂಪು ದೀಪ ಹತ್ತುತ್ತದೆ. ನಿಜ ಗೊತ್ತಾಗಬೇಕಾದರೆ ಗೋಡೆಯ ಒಳಭಾಗದಿಂದ, ಬೇರೆಬೇರೆ ಎತ್ತರದಲ್ಲಿ, ನಿಧಾನ ವೇಗದ ಡ್ರಿಲ್‌ನಿಂದ ಪುಡಿ ತೆಗೆದು ಕಾರ್ಬೈಡ್ ಪರೀಕ್ಷೆ (ಪುಡಿಗೆ ಕಾರ್ಬೈಡ್ ಬೆರೆಸಿ, ಹುಟ್ಟುವ ಅನಿಲದಿಂದ ನೀರಿನ ಪ್ರಮಾಣ ತಿಳಿಯುವುದು) ಮಾಡಬೇಕು. ಅಥವಾ ತೂಗಿ, ಒಲೆಯಲ್ಲಿ ಒಣಗಿಸಿ, ಮತ್ತೆ ತೂಗಬೇಕು. ಮೇಲ್ಮೈ ಒದ್ದೆ, ಒಳಭಾಗ ಒಣ ಅಂತ ಬಂದರೆ ಅದು ಏರಿದ ತೇವವಲ್ಲ. ಉಪ್ಪು ಕೋಣೆಯ ಗಾಳಿಯಿಂದ ಎಳೆದುಕೊಂಡ ತೇವ.

ಗಾರೆಗಂಗಣ್ಣ
ಕೊಟ್ಟಿಗೆ ಅಂದರಲ್ಲ, ಉತ್ತರ ಅಲ್ಲೇ ಇದೆ. ಇನ್ನೂರು ವರ್ಷ ದನದ ಗಂಜಲ ಕುಡಿದ ಗೋಡೆ. ಗಂಜಲದಿಂದ ಗೋಡೆಯಲ್ಲಿ ನೈಟ್ರೇಟ್ ಉಪ್ಪು ಕೂತಿದೆ. ಈ ಉಪ್ಪು ಗಾಳಿಯ ತೇವ ಹೀರಿ ಕರಗುತ್ತದೆ, ಗಾಳಿ ಒಣಗಿದಾಗ ಮತ್ತೆ ಹರಳಾಗುತ್ತದೆ. ಹರಳಾಗುವಾಗ ಪ್ಲಾಸ್ಟರನ್ನು ಒಡೆದು ತಳ್ಳುತ್ತದೆ. ಮಳೆ ಇಲ್ಲದಿದ್ದರೂ ಮಂಕು ದಿನ ಗೋಡೆ ಕಪ್ಪಾಗಿ ಬೆವತರೆ ಅನುಮಾನವೇ ಬೇಡ.

ಮಾಡಬೇಕಾದ್ದು: ಜಿಪ್ಸಂ ಪೂರ್ತಿ ಕೆತ್ತಿ ತೆಗೆಯಿರಿ, ಉಬ್ಬಿದ ಗೆರೆಯ ಮೇಲೆ ಇನ್ನೂ ಅರ್ಧ ಮೀಟರ್‌ನಷ್ಟು. ಉದುರಿದ್ದನ್ನು ಅಂದಂದೇ ಹೊರಗೆ ಸಾಗಿಸಿ, ಅದರಲ್ಲೇ ಉಪ್ಪು ಇರುವುದು. ಗೋಡೆಯನ್ನು ನೀರಿನಿಂದ ತೊಳೆಯಬೇಡಿ, ಒಣ ಬ್ರಷ್ ಮಾತ್ರ. ಆಮೇಲೆ ತೆಳು ಸುಣ್ಣದ ಗಾರೆ, ಬೇಕೆಂದೇ ಬಡವಾಗಿ, ರಂಧ್ರ ಹೆಚ್ಚಿರುವಂತೆ. ಅದು ಉಪ್ಪನ್ನು ತನ್ನೊಳಗೆ ಎಳೆದುಕೊಂಡು ಹಾಳಾಗಲಿ ಅಂತಲೇ ಹಾಕುವುದು. ಕೆಲವು ವರ್ಷಕ್ಕೆ ಅದನ್ನು ಕೆತ್ತಿ ಮತ್ತೆ ಹಾಕಬೇಕಾಗುತ್ತದೆ. ಸಿಮೆಂಟ್ ಪದರ ಹಾಕಿದರೆ ಉಪ್ಪೂ ತೇವವೂ ಅದರ ಹಿಂದೆಯೇ ಏರಿ ಎರಡು ಮೀಟರ್ ಎತ್ತರದಲ್ಲಿ ತಲೆ ಎತ್ತುತ್ತವೆ.

ತೇವಮಾಪಕ
ಕೊಟ್ಟಿಗೆ ವಿಷಯ ಒಪ್ಪುತ್ತೇನೆ. ಆದರೆ ಕಾರಣ ಇನ್ನೂ ಇರಬಹುದು. ಹೊರಗಿನ ನೆಲದ ಮಟ್ಟ ಕೇಳಿದಿರಾ?

ಮೂಲೆಗಲ್ಲು
ಸರಿಯಾದ ಪ್ರಶ್ನೆ. ಸ್ವೇಲ್‌ಹೊಳೆ ಅವರೇ, ಮೇಲ್ಗುಡ್ಡದ ಕಡೆ ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎಷ್ಟು ಮೇಲಿದೆ?

ಸ್ವೇಲ್‌ಹೊಳೆ
ಹಿಂದುಗಡೆ ಸುಮಾರು 30 ಸೆಂ.ಮೀ. ಮೇಲೆ. ಕಾಂಕ್ರೀಟ್ ಓಣಿಯೂ ಇದೆ, ಗೋಡೆಗೆ ಅಂಟಿಕೊಂಡೇ.

ಮೂಲೆಗಲ್ಲು
ಹಾಗಾದರೆ ಅದೇ ಮೊದಲ ಕೆಲಸ. ಕಾಂಕ್ರೀಟ್ ಒಡೆದು, ನೆಲವನ್ನು ಒಳನೆಲಕ್ಕಿಂತ 150 ಮಿ.ಮೀ. ಆದರೂ ಕೆಳಗಿಳಿಸಬೇಕು. ಆದರೆ ಎಚ್ಚರ: ಈ ಮನೆಗಳಿಗೆ ನಾವು ಅಂದುಕೊಳ್ಳುವ ಅಡಿಪಾಯ ಇರುವುದಿಲ್ಲ. ಮೇಲ್ಮಣ್ಣು ಕೆರೆದು ದೊಡ್ಡ ಗುಂಡುಗಲ್ಲು ಸಾಲಾಗಿ ಇಟ್ಟು ಕಟ್ಟಿದ್ದು, ಅಷ್ಟೆ. ಮೊದಲು ಒಂದು ಕಡೆ ಸಣ್ಣ ಗುಂಡಿ ತೆಗೆದು ತಳಗಲ್ಲು ಎಲ್ಲಿ ಮುಗಿಯುತ್ತದೆ ನೋಡಿ. ಅದಕ್ಕಿಂತ ಕೆಳಗೆ ಅಗೆದರೆ ತೇವದ ಬದಲು ಬಿರುಕು ಸಿಗುತ್ತದೆ. ಜಲ್ಲಿ ಕಾಲುವೆ ಬೇಕಿದ್ದರೆ ಗೋಡೆಯಿಂದ ದೂರ ಸರಿಸಿ, ಮೇಲ್ಗುಡ್ಡದಿಂದ ಬರುವ ನೀರನ್ನು ಅಲ್ಲೇ ತಡೆದು ಮನೆಯ ಪಕ್ಕದಿಂದ ಇಳಿಸಿ.

ನಕ್ಷೆಗಾರ್ತಿ
1687 ಬಗ್ಗೆ ಯಾರೂ ಮಾತಾಡಲಿಲ್ಲ, ನಾನು ಶುರು ಮಾಡುತ್ತೇನೆ. ಕಲ್ಲಿನ ಮೇಲಿನ ವರ್ಷ ಕಟ್ಟಿದ ವರ್ಷ ಎಂದು ನಂಬಬೇಡಿ. ಮೂರು ಅಕ್ಷರಗಳಲ್ಲಿ ಮೇಲಿನದು ಮನೆತನದ ಹೆಸರು, ಕೆಳಗೆ ಎಡಕ್ಕೆ ಗಂಡ, ಬಲಕ್ಕೆ ಹೆಂಡತಿ. ಸಾಮಾನ್ಯ ಕ್ರಮ ಹೀಗೆ. ಮದುವೆಗೋ, ಹೊಸ ಮುಂಬಾಗಿಲು ಇಟ್ಟಿದ್ದಕ್ಕೋ, ಒಂದು ಅಂತಸ್ತು ಏರಿಸಿದ್ದಕ್ಕೋ ಕೆತ್ತಿಸಿರಬಹುದು. ಬೇರೆ ಮನೆಯಿಂದ ಕಿತ್ತು ತಂದ ಕಲ್ಲೂ ಆಗಿರಬಹುದು.

ಇಂಗ್ಲೆಂಡಿನ ಹಳ್ಳಿಮನೆಗಳನ್ನು ದೊಡ್ಡ ಪ್ರಮಾಣದಲ್ಲಿ ಹೊಸದಾಗಿ ಕಟ್ಟಿದ ಕಾಲವನ್ನು ಇತಿಹಾಸಕಾರ ಡಬ್ಲ್ಯು. ಜಿ. ಹಾಸ್ಕಿನ್ಸ್ 1953ರಲ್ಲಿ 1570ರಿಂದ 1640 ಎಂದು ಗುರುತಿಸಿದರು. ಆಮೇಲೆ ಬಂದವರು ಆ ಲೆಕ್ಕವನ್ನು ಬಹಳ ತಿದ್ದಿದ್ದಾರೆ. ಉತ್ತರದಲ್ಲಿ ಅಲೆ ತಡವಾಗಿ ಬಂತು. ಡೇಲ್ಸ್‌ನಲ್ಲಿ ವರ್ಷ ಕೆತ್ತಿದ ಬಾಗಿಲುಗಳು ದಟ್ಟವಾಗುವುದು 17ನೇ ಶತಮಾನದ ಉತ್ತರಾರ್ಧದಲ್ಲಿ. ಹಾಗಾಗಿ 1687 ಅಸಹಜವೇನಲ್ಲ. ಆದರೆ ಒಳಗೆ ಇನ್ನೂ ಹಳೆಯ ಮನೆ ಅಡಗಿರಬಹುದು.

ಹೀಗೆ ನೋಡಿ. ಹೊರಗೋಡೆಯಲ್ಲಿ ಮೇಲಿಂದ ಕೆಳಗೆ ನೇರವಾಗಿ ಇಳಿಯುವ ಸಂದು ಇದೆಯೇ? ಇದ್ದರೆ ಅಲ್ಲಿ ಒಂದು ಮನೆ ಮುಗಿದು ಇನ್ನೊಂದು ಅಂಟಿದೆ. ಗೋಡೆಯ ನಡುವೆ ಮೂಲೆಗಲ್ಲಿನ ಸಾಲು ಹೂತಿದ್ದರೆ ಅದು ಹಳೆಯ ಮನೆಯ ಮೂಲೆ, ಎರಡರಲ್ಲಿ ಅದೇ ಹಿರಿಯದು. ಹೊಗೆಗೂಡಿನ ಬುಡದಲ್ಲಿ ಚಪ್ಪಟೆ ಕಲ್ಲುಗಳು ಹೊರಚಾಚಿವೆಯೇ? ಅವು ಈಗಿನ ಮಾಡಿನಿಂದ ಒಂದಡಿ ಮೇಲೆ ನೇತಾಡುತ್ತಿದ್ದರೆ ಹಿಂದೆ ಹುಲ್ಲಿನದೋ ಹೀದರ್ ಗಿಡದ್ದೋ ದಪ್ಪ ಹೊದಿಕೆ ಇತ್ತು ಎಂದರ್ಥ. ತ್ರಿಕೋನ ಗೋಡೆಯೊಳಗೆ ಇನ್ನೂ ಕಡಿದಾದ ಹಳೇ ಇಳಿಜಾರಿನ ಗೆರೆ ಕಾಣಬಹುದು. ಹುಲ್ಲಿಗೆ 50 ಡಿಗ್ರಿ ಬೇಕು, ಚಪ್ಪಡಿಗೆ 30 ಸಾಕು.

ಸ್ವೇಲ್‌ಹೊಳೆ
ಮೇಡಂ, ನೇತಾಡುವ ಕಲ್ಲು ಇದೆ! ಒಂದು ಬದಿಯಲ್ಲಿ ಮಾತ್ರ. ಹಾಗಾದರೆ ಇದು ದನ-ಜನ ಒಂದೇ ಸೂರಿನ ಲಾಂಗ್‌ಹೌಸ್ ಅಂತ ಹೇಳಬಹುದಾ? ಮಾರಾಟದ ಕಾಗದದಲ್ಲಿ ಹಾಗೇ ಬರೆದಿದ್ದರು.

ನಕ್ಷೆಗಾರ್ತಿ
ಉದ್ದವಿದ್ದ ಮನೆಗೆಲ್ಲ ಆ ಹೆಸರು ಹಾಕುವುದು ದಲ್ಲಾಳಿಗಳ ಚಟ. ಲಾಂಗ್‌ಹೌಸ್ ಅನ್ನಲು ಜನಕ್ಕೂ ದನಕ್ಕೂ ಬಾಗಿಲು ಒಂದೇ ಇರಬೇಕು: ಮುಂದಿನಿಂದ ಹಿಂದಕ್ಕೆ ಮನೆಯನ್ನು ಅಡ್ಡ ಸೀಳುವ ಒಂದು ಓಣಿ, ಅದರ ಮೇಲ್ಬದಿಗೆ ಮನುಷ್ಯರು, ಕೆಳಬದಿಗೆ ದನ. ಕೊಟ್ಟಿಗೆ ಇಳಿಜಾರಿನ ಕೆಳಕ್ಕೇ ಇರಬೇಕು, ಗಂಜಲ ಮನೆಯೊಳಗೆ ಬರಬಾರದಲ್ಲ. ನಡುವೆ ಕಲ್ಲಿನ ಚರಂಡಿ, ಕೊನೆಯ ಗೋಡೆಯಲ್ಲಿ ನೀರು ಹೊರಹೋಗುವ ತೂತು. ಇದನ್ನೆಲ್ಲ ಕಣ್ಣಾರೆ ನೋಡಬೇಕಾದರೆ ಡೆವನ್‌ನ ಡಾರ್ಟ್‌ಮೂರ್‌ನಲ್ಲಿರುವ ಹೈಯರ್ ಅಪಕಾಟ್ ನೋಡಿ. 14ನೇ ಶತಮಾನದ ಗ್ರಾನೈಟ್ ಮನೆ, ಗ್ರೇಡ್ 1, ಕೊಟ್ಟಿಗೆಯನ್ನು ಕೋಣೆ ಮಾಡದೆ ಹಾಗೇ ಉಳಿಸಿದ್ದಾರೆ. 

ಉತ್ತರದ ಪೆನ್ನೈನ್ ಬೆಟ್ಟಸಾಲಿನ ಕಡೆ ಇನ್ನೊಂದು ಬಗೆ ಇದೆ, ಲೇಥ್‌ಹೌಸ್. ಮನೆ ಮತ್ತು ಕಣಜ-ಕೊಟ್ಟಿಗೆ ಒಂದೇ ಸಾಲು, ಒಂದೇ ಮಾಡು, ಆದರೆ ಬಾಗಿಲು ಬೇರೆಬೇರೆ. ಅದು ಹೆಚ್ಚಾಗಿ 18ನೇ ಶತಮಾನ ಮತ್ತು 19ರ ಆರಂಭದ್ದು. ನಿಮ್ಮದರಲ್ಲಿ ಕೊಟ್ಟಿಗೆಗೂ ಮನೆಗೂ ನಡುವಿನ ಗೋಡೆಯಲ್ಲಿ ಮುಚ್ಚಿದ ಬಾಗಿಲಿನ ಗುರುತು ಇದೆಯಾ ಎಂಬುದೇ ಮುಖ್ಯ. ಜಿಪ್ಸಂ ಕೆತ್ತುವಾಗ ಕಾಣುತ್ತದೆ, ಫೋಟೋ ತೆಗೆದಿಡಿ.

ಕಡಲಕರೆ
ಒಲೆ ಎಲ್ಲಿದೆ ಅಂತ ಕೇಳಿ ಮಾರಾಯ್ರೆ. ಓಣಿಗೆ ಬೆನ್ನು ಹಾಕಿ ಒಲೆ ಇದ್ದರೆ ಓಣಿ ಮೊದಲಿನದ್ದೇ. ಒಲೆಯ ಪಕ್ಕ ಅಂಗೈಯಗಲದ ಸಣ್ಣ ಕಿಟಕಿ ಇದ್ದರೆ ಅದೂ ಹಳೇ ಗುರುತು. ಅಲ್ಲಿ ದೊಡ್ಡ ಹೊಗೆಮುಸುಕಿನ ಕೆಳಗೆ ಜನ ಕೂತುಕೊಳ್ಳುತ್ತಿದ್ದರು, ಬೆಳಕು ಬೇಕಿತ್ತು. ಮರದ ಚೌಕಟ್ಟಿಗೆ ಗಾರೆ ಮೆತ್ತಿದ ಹೊಗೆಮುಸುಕು ಹೋಗಿ ಕಲ್ಲಿನ ಹೊಗೆಗೂಡು ಬಂದದ್ದು ಆಮೇಲೆ.

ಸ್ವೇಲ್‌ಹೊಳೆ
ಸಣ್ಣ ಕಿಟಕಿ ಇದೆ. ಮುಂಗೋಡೆಯಲ್ಲಿ, ಒಲೆ ಪಕ್ಕ. ಶೌಚದ ಕಿಟಕಿ ಅಂದುಕೊಂಡಿದ್ದೆವು 😀

ಧಾರವಾಡದಾಂವ
ದನದ ಕ್ವಾಣ್ಯಾಗ ಊಟದ ಮೇಜು, ಒಲಿ ಕಿಟಕಿ ಶೌಚಕ್ಕ. ಆ ಮನಿ ಕಟ್ಟಿದಾಂವ ನೋಡಿದ್ರ ನಗತಿದ್ದ.

ಗಾರೆಗಂಗಣ್ಣ
ಪಾಯಿಂಟಿಂಗ್‌ಗೆ ಬರೋಣ. ಸಿಮೆಂಟ್ ತೆಗೆಯಲು ಗ್ರೈಂಡರ್ ಮುಟ್ಟಿಸಬೇಡಿ. ಸಂದು ಅಂಕುಡೊಂಕು, ಚಕ್ರ ನೇರ. ಕಲ್ಲಿನ ಅಂಚು ಹೋಗುತ್ತದೆ, ಆ ಗಾಯ ಮತ್ತೆ ಮುಚ್ಚುವುದಿಲ್ಲ. ತೆಳು ಉಳಿ, ಸುತ್ತಿಗೆ, ತಾಳ್ಮೆ. ಸಿಮೆಂಟ್ ಎಲ್ಲಾದರೂ ಕಲ್ಲಿಗೆ ಕಚ್ಚಿಕೊಂಡು ಬರದೇ ಇದ್ದರೆ ಅದನ್ನು ಅಲ್ಲೇ ಬಿಡಿ. ಕಲ್ಲು ಒಡೆಯುವುದಕ್ಕಿಂತ ಅದು ವಾಸಿ.

ಸಂದಿನ ಅಗಲದ ಎರಡರಷ್ಟು ಆಳ, ಕಡಿಮೆ ಎಂದರೆ 25 ಮಿ.ಮೀ. ಕೆರೆಯಿರಿ. ಧೂಳು ಗುಡಿಸಿ, ಹಿಂದಿನ ದಿನವೂ ಅಂದಿನ ಬೆಳಿಗ್ಗೆಯೂ ನೀರು ಚಿಮುಕಿಸಿ. ಗೋಡೆ ತೇವವಾಗಿರಬೇಕು, ನೀರು ಹೊಳೆಯಬಾರದು. ದೊಡ್ಡ ಟೊಳ್ಳಿಗೆ ಗಾರೆ ತುಂಬಬೇಡಿ, ಕುಗ್ಗಿ ಬಿರಿಯುತ್ತದೆ. ಚಕ್ಕೆಗಲ್ಲು ಒತ್ತಿ ಗಾರೆ ಸುತ್ತ ತುಂಬಿ. ಆಳವಿದ್ದರೆ ಎರಡು ಸಲಕ್ಕೆ ತುಂಬಿ. ಮರಳು ಚೂಪು ಕಣದ್ದು, ಸಣ್ಣದರಿಂದ 4 ಮಿ.ಮೀ.ವರೆಗಿನ ಎಲ್ಲ ಗಾತ್ರ ಬೆರೆತಿರಬೇಕು. ಗೋಡೆ ಕಟ್ಟುವ ನಯ ಮರಳು ಬೇಡ.

ಉಗುರು ಒತ್ತಿದರೆ ಗುರುತಷ್ಟೇ ಮೂಡುವ ಹದಕ್ಕೆ ಬಂದಾಗ ಬಿರುಸು ಬ್ರಷ್‌ನಿಂದ ಕುಟ್ಟಿ. ಕರಣೆಯಿಂದ ನುಣುಪು ಮಾಡಿದರೆ ಸುಣ್ಣವೆಲ್ಲ ಮೇಲೆ ಬಂದು ಹೊಪ್ಪಳೆ ಕಟ್ಟುತ್ತದೆ. ಕುಟ್ಟಿದರೆ ಮರಳಿನ ಕಣ ತೆರೆದು ತೇವ ಆರಲು ದಾರಿಯಾಗುತ್ತದೆ. ಗಾರೆ ಕಲ್ಲಿನ ಮಟ್ಟಕ್ಕೋ ಒಂದಿಷ್ಟು ಒಳಕ್ಕೋ ನಿಲ್ಲಬೇಕು. ಹೊರಗೆ ಪಟ್ಟಿ ಕಟ್ಟಿದಂತೆ ಉಬ್ಬಿಸುವ ಪಾಯಿಂಟಿಂಗ್ ನೀರಿಗೆ ಮೆಟ್ಟಿಲು ಮಾಡಿಕೊಟ್ಟ ಹಾಗೆ. ಆಮೇಲೆ ಒದ್ದೆ ಗೋಣಿತಟ್ಟು ಇಳಿಬಿಟ್ಟು ವಾರವಾದರೂ ಬಿಸಿಲು ಗಾಳಿಯಿಂದ ಕಾಪಾಡಿ. 5 ಡಿಗ್ರಿಗಿಂತ ಕೆಳಗೆ ಕೆಲಸವಿಲ್ಲ. ಆ ಎತ್ತರದಲ್ಲಿ ಸೆಪ್ಟೆಂಬರ್ ಮುಗಿದರೆ ಸಲಕರಣೆ ತೊಳೆದಿಡುವುದೇ ಒಳ್ಳೆಯದು, ಹಸಿ ಸುಣ್ಣಕ್ಕೆ ಹಿಮ ಬಿದ್ದರೆ ಇಡೀ ಮುಖ ಉದುರುತ್ತದೆ.

ಬೆಂಗಳೂರುಬಿಲ್ಡರ್
ಸುಣ್ಣ ಅಂದ್ರೆ ಯಾವ್ದು ಗುರು? ಚೀಲದಲ್ಲಿ ಬರೋ ಎನ್‌ಎಚ್‌ಎಲ್ 3.5 (ನೀರಿನಲ್ಲೂ ಗಟ್ಟಿಯಾಗೋ ಸುಣ್ಣ) ಸಾಕಲ್ವಾ? ಒಂದಕ್ಕೆ ಎರಡೂವರೆ ಮರಳು, ಕಲಸು, ಹೊಡಿ, ಮುಗೀತು.

ಗಾರೆಗಂಗಣ್ಣ
ಕೆಲಸ ಆಗುತ್ತದೆ, ಕೆಟ್ಟದ್ದು ಅನ್ನುವುದಿಲ್ಲ. ಆದರೆ ಅದು ವರ್ಷಗಳ ಕಾಲ ಗಟ್ಟಿಯಾಗುತ್ತಲೇ ಹೋಗುತ್ತದೆ. ಮಣ್ಣುಗಾರೆಯಲ್ಲಿ ಕಟ್ಟಿದ ಮೆದು ಗೋಡೆಗೆ ಅಷ್ಟು ಬಿಗಿ ಬೇಡ. ನನ್ನ ಒಲವು ಬಿಸಿ ಕಲಸಿಗೆ: ಸುಟ್ಟ ಸುಣ್ಣದ ಪುಡಿ ಒಂದು ಪಾಲು, ಮರಳು ಮೂರು ಪಾಲು, ಎರಡನ್ನೂ ಸೇರಿಸಿ ನೀರು ಹಾಕಿ ಅಲ್ಲೇ ಅರಳಿಸುವುದು. ಅರಳಿದಾಗ ಸುಣ್ಣ ಸುಮಾರು ಇಮ್ಮಡಿಯಾಗುತ್ತದೆ, ಹಾಗಾಗಿ ಕೊನೆಗೆ ಸಿಗುವುದು ಎರಡಕ್ಕೆ ಮೂರರ ಜಿಡ್ಡು ಗಾರೆ. ಹಳೇ ಗೋಡೆಗಳ ಗಾರೆಯನ್ನು ಪರೀಕ್ಷಿಸಿದರೆ ಸುಣ್ಣದ ಬಿಳಿ ಉಂಡೆಗಳು ಕಾಣುವುದು ಈ ಕ್ರಮದಿಂದಲೇ. ಮುಚ್ಚುಕನ್ನಡಕ, ಕೈಗವಸು ಇಲ್ಲದೆ ಹತ್ತಿರ ಹೋಗಬಾರದು. ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು.

ಮೂಲೆಗಲ್ಲು
ಗಂಗಣ್ಣನವರ ಮಾತಿಗೆ ಒಂದು ತಿದ್ದುಪಡಿ. ಹೊಗೆಗೂಡಿನ ತಲೆ, ಮಾಡಿನ ನೆತ್ತಿಗಲ್ಲು, ಮಳೆಗಾಳಿ ನೇರ ಬಡಿಯುವ ಪಶ್ಚಿಮ ಗೋಡೆಯ ಮೇಲ್ತುದಿ, ಇಲ್ಲೆಲ್ಲ ಎನ್‌ಎಚ್‌ಎಲ್ 3.5 ಇರಲಿ. ಮೆದು ಸುಣ್ಣ ಅಲ್ಲಿ ನಿಲ್ಲುವುದು ಕಷ್ಟ.

ಗಾರೆಗಂಗಣ್ಣ
ಹೊಗೆಗೂಡಿಗೆ ಒಪ್ಪಿದೆ. ಗೋಡೆಗೆ ಒಪ್ಪುವುದಿಲ್ಲ.

ಬೆಂಗಳೂರುಬಿಲ್ಡರ್
ನಮ್ಮಲ್ಲಿ ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಹಾಕ್ತಾರಲ್ಲ, ಅಲ್ಲೂ ಹಾಕಿದ್ರೆ?

ಕಡಲಕರೆ
ಸ್ವೇಲ್‌ಡೇಲ್‌ನಲ್ಲಿ ಅಳಲೆಕಾಯಿ ಮಾರುವ ಅಂಗಡಿ ಎಲ್ಲಿ ಉಂಟು?

ಗಾರೆಗಂಗಣ್ಣ
ಅಂಗಡಿ ಬಿಡಿ, ಅಗತ್ಯವೇ ಇಲ್ಲ. ಅಲ್ಲಿನ ಒಳಗಾರೆಗೆ ಸೇರಿಸುತ್ತಿದ್ದದ್ದು ದನದ, ಆಡಿನ ಕೂದಲು, ಬಿರುಕು ತಡೆಯಲು. ನಮ್ಮ ಸುರಕಿಯ ತತ್ವ ಮಾತ್ರ ಅಲ್ಲೂ ನಡೆಯುತ್ತದೆ. ಕಡಿಮೆ ಉರಿಯಲ್ಲಿ ಸುಟ್ಟ ಇಟ್ಟಿಗೆ ಪುಡಿ ಸ್ವಲ್ಪ ಬೆರೆಸಿದರೆ ಗಾಳಿ ತಾಗದ ಕಡೆಯೂ ಸುಣ್ಣ ಹಿಡಿಯುತ್ತದೆ.

ತೇವಮಾಪಕ
ಸಿಮೆಂಟಿಗೆ ಎಲ್ಲರೂ ಬೈಯುತ್ತಿದ್ದೀರಿ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ 1824ರಲ್ಲಿ ಪೇಟೆಂಟ್ ಪಡೆದ ಜೋಸೆಫ್ ಆಸ್ಪ್‌ಡಿನ್ ಲೀಡ್ಸ್‌ನ ಗಾರೆಯವನೇ. ಅಂದರೆ ಯಾರ್ಕ್‌ಷೈರಿನ ಕೂಸು!

ಧಾರವಾಡದಾಂವ
ಮನಿ ಮಗನೇ ಮನಿ ಕೆಡಿಸಿದ ಅನ್ರಿ.

ಜಂತಿತೊಲೆ
ಮಾಡು ತಗ್ಗಿದೆ ಅಂದಿರಿ. ಹೆದರುವ ಮೊದಲು ಲೆಕ್ಕ ನೋಡಿ. ಡೇಲ್ಸ್‌ನ ಮರಳುಗಲ್ಲಿನ ಚಪ್ಪಡಿ 25 ಮಿ.ಮೀ. ಆಸುಪಾಸು ದಪ್ಪ, ಒಂದರ ಮೇಲೊಂದು ಹೊದಿಸಿದಾಗ ಚದರ ಮೀಟರಿಗೆ 100 ಕೆ.ಜಿ. ದಾಟುವುದು ಮಾಮೂಲು. ಓಕ್ ತೊಲೆಗಳನ್ನು ಹಸಿಯಾಗಿರುವಾಗಲೇ ಏರಿಸುತ್ತಿದ್ದರು, ಒಣಗುತ್ತಾ ಆ ಭಾರಕ್ಕೆ ಬಾಗಿ ಹಾಗೇ ಸೆಟೆದುಕೊಂಡವು. ಮುನ್ನೂರು ವರ್ಷದ ಹಿಂದಿನ ಬಾಗು ಇವತ್ತಿನ ಅಪಾಯವಲ್ಲ. ನೋಡಬೇಕಾದ್ದು ಈಗಲೂ ಬಾಗುತ್ತಿದೆಯೇ ಎಂಬುದನ್ನು. ಕೀಲಿನಲ್ಲಿ ಹೊಸ ಬಿಳಿ ಮರ ಕಾಣುವ ಬಿರುಕು, ಹೊರಗೋಡೆಯ ಮೇಲ್ಭಾಗ ಹೊರಕ್ಕೆ ವಾಲುವುದು, ಇವು ಕೆಟ್ಟ ಲಕ್ಷಣ.

ಎಲ್ಲಕ್ಕಿಂತ ಮೊದಲು ಅಡ್ಡತೊಲೆಗಳ ತುದಿ ಗೋಡೆಯೊಳಗೆ ಹೊಕ್ಕಿರುವ ಕಡೆ ಚೂಪು ಕಡ್ಡಿ ಚುಚ್ಚಿ ನೋಡಿ. ಸಿಮೆಂಟ್ ಹಿಡಿದಿಟ್ಟ ತೇವ ಕುಡಿದು ತುದಿ ಕೊಳೆತಿರುತ್ತದೆ, ಹೊರಗೆ ಕಾಣುವ ಭಾಗ ಉಕ್ಕಿನ ಹಾಗೆ ಗಟ್ಟಿ. 3 ಮಿ.ಮೀ. ತೂತು ಇದ್ದರೆ ಅದು ಮರ ಕೊರೆಯುವ ಡೆತ್‌ವಾಚ್ ದುಂಬಿ, ತೇವದ ಓಕ್ ಅಂದರೆ ಅದಕ್ಕೆ ಪ್ರಾಣ. ವಿಷ ಹೊಡೆಯುವುದಕ್ಕಿಂತ ತೇವ ನಿಲ್ಲಿಸುವುದು ಮದ್ದು. ಕೊಳೆತ ತುದಿ ಮಾತ್ರ ಕತ್ತರಿಸಿ ಹೊಸ ಓಕ್ ಬೆಸೆಯಬಹುದು, ಇಡೀ ತೊಲೆ ಕಿತ್ತೆಸೆಯಬೇಡಿ.

ಸ್ವೇಲ್‌ಹೊಳೆ
ಚಪ್ಪಡಿಗಳು ಅಲ್ಲಲ್ಲಿ ಜಾರಿವೆ. ಒಳಗಿನಿಂದ ಫೋಮ್ ಸಿಂಪಡಿಸಿದರೆ ಹಿಡಿದುಕೊಳ್ಳುತ್ತದೆ ಅಂತ ಒಬ್ಬರು ಹೇಳಿದರು.

ಜಂತಿತೊಲೆ
ದಯವಿಟ್ಟು ಬೇಡ. ಫೋಮ್ ರೀಪು, ತೊಲೆ ಎಲ್ಲವನ್ನೂ ಗಾಳಿ ಆಡದಂತೆ ಮುಚ್ಚುತ್ತದೆ. ಮುಂದೆ ಮಾಡು ಬಿಚ್ಚಿದಾಗ ಒಂದು ಚಪ್ಪಡಿಯನ್ನೂ ಮರುಬಳಸಲು ಆಗುವುದಿಲ್ಲ. ಸಾಲ ಕೊಡುವ ಬ್ಯಾಂಕುಗಳೂ ಅದನ್ನು ಕಂಡರೆ ಹಿಂದೆ ಸರಿಯುತ್ತವೆ.

ಚಪ್ಪಡಿ ಜಾರುವುದು ಕಲ್ಲು ಕೆಟ್ಟು ಅಲ್ಲ. ಪ್ರತಿ ಚಪ್ಪಡಿಯ ತಲೆಯಲ್ಲಿ ಒಂದು ತೂತು, ಅದರಲ್ಲಿ ಓಕ್ ಗೂಟ, ಗೂಟ ರೀಪಿಗೆ ನೇತುಬಿದ್ದಿರುತ್ತದೆ. ಗೂಟ ಕೊಳೆಯುತ್ತದೆ, ಇಲ್ಲವೇ ರೀಪು. ಹತ್ತರಲ್ಲಿ ಒಂದು ಜಾರಿದ್ದರೆ ಅಲ್ಲಲ್ಲೇ ಸರಿಮಾಡಬಹುದು. ಎಲ್ಲೆಡೆ ಜಾರುತ್ತಿದ್ದರೆ ಬಿಚ್ಚಿ ಮತ್ತೆ ಹೊದಿಸಬೇಕು. ಬಿಚ್ಚುವಾಗ ಸಾಲುಸಾಲಾಗಿ ಇಳಿಸಿ, ಸಾಲಿನ ಉದ್ದ ಬರೆದು, ಬೇರೆಬೇರೆ ಜೋಡಿಸಿ. ದೊಡ್ಡವು ಸೂರಿನಲ್ಲಿ, ಮೇಲಕ್ಕೆ ಹೋದಂತೆ ಚಿಕ್ಕವು. ಇದು ಅಂದಕ್ಕೆ ಮಾತ್ರವಲ್ಲ. ಕೆಳಗೆ ನೀರು ಹೆಚ್ಚು ಸೇರುತ್ತದೆ, ಅಲ್ಲಿ ಸಂದು ಕಡಿಮೆ ಇರಬೇಕು, ಮತ್ತು ದೊಡ್ಡ ಭಾರ ಗೋಡೆಯ ಮೇಲೇ ಕೂರಬೇಕು. ಒಂದರ ಕೆಳಗಿನ ಮೂರನೆಯದರ ಮೇಲೂ 75 ಮಿ.ಮೀ. ಹೊದಿಕೆ ಸಿಗಬೇಕು. ಬದಿಯ ಸಂದುಗಳು ಒಂದರ ಮೇಲೊಂದು ಬರಬಾರದು.

ಹೂವಿನಹೊಲ
ಕಾಟ್ಸ್‌ವೋಲ್ಡ್ಸ್ ಬೆಟ್ಟಸೀಮೆಯ ಮನೆಗಳೂ ಹೀಗೇ ಅಲ್ಲವೇ? ಇಂಗ್ಲೆಂಡಿನ ಕಲ್ಲುಮನೆ ಎಲ್ಲ ಒಂದೇ ಥರ ಕಾಣುತ್ತವೆ.

ನಕ್ಷೆಗಾರ್ತಿ
ಖಂಡಿತ ಅಲ್ಲ. ಕಾಟ್ಸ್‌ವೋಲ್ಡ್ಸ್‌ನದು ಜೇನುಬಣ್ಣದ ಜುರಾಸಿಕ್ ಸುಣ್ಣಕಲ್ಲು, ಗಣಿಯಿಂದ ಬಂದಾಗ ಮೆದು, ಗರಗಸಕ್ಕೂ ಉಳಿಗೂ ಬಗ್ಗುತ್ತದೆ, ಗಾಳಿಗೆ ಗಟ್ಟಿಯಾಗುತ್ತದೆ. ಆದ್ದರಿಂದ ಅಲ್ಲಿ ಕಿಟಕಿಯ ಕಲ್ಲುಕಂಬಿ, ಅದರ ಮೇಲಿನ ನೀರುಪಟ್ಟಿ ಎಲ್ಲ ಅದೇ ಕಲ್ಲಿನಲ್ಲಿ. ಡೇಲ್ಸ್‌ನ ಸುಣ್ಣಕಲ್ಲು ಕೆತ್ತನೆಗೆ ಒಗ್ಗುವುದಿಲ್ಲ, ಅದಕ್ಕೇ ಮೂಲೆಗೂ ಕಿಟಕಿಗೂ ಮರಳುಗಲ್ಲು. ಕಾಟ್ಸ್‌ವೋಲ್ಡ್ಸ್‌ನ ಮಾಡುಗಲ್ಲು ಚಿಕ್ಕದು, ತೆಳು, ರಂಧ್ರದ್ದು. ನೀರು ಬೇಗ ಇಳಿಯಲಿ ಎಂದು ಮಾಡು 50 ಡಿಗ್ರಿ ಆಸುಪಾಸು ಕಡಿದು. ಡೇಲ್ಸ್‌ನ ಭಾರಿ ಚಪ್ಪಡಿಯನ್ನು ಅಷ್ಟು ಕಡಿದಾಗಿ ಇಟ್ಟರೆ ಗೂಟ ಮುರಿದು ಅಂಗಳಕ್ಕೆ ಬೀಳುತ್ತದೆ.

ಆ ಕಡೆಯ ಒಳ್ಳೆಯ ಉದಾಹರಣೆ ಆಕ್ಸ್‌ಫರ್ಡ್‌ಷೈರಿನ ಕೆಲ್ಮ್‌ಸ್ಕಾಟ್. ಹೆಸರಿಗೆ ಮ್ಯಾನರ್, ಹುಟ್ಟಿನಿಂದ ರೈತನ ಮನೆ, 1600ರ ಸುಮಾರಿನದು, ಅದೇ ಶತಮಾನದಲ್ಲಿ ಒಂದು ರೆಕ್ಕೆ ಸೇರಿಸಿದರು. ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1871ರಲ್ಲಿ ಬಾಡಿಗೆಗೆ ಹಿಡಿದ. 1877ರಲ್ಲಿ ಅವನೇ ಹುಟ್ಟುಹಾಕಿದ ಹಳೇ ಕಟ್ಟಡಗಳ ರಕ್ಷಣೆಯ ಸಂಘ, ಎಸ್‌ಪಿಎಬಿ, ಇಂದಿಗೂ ಹೇಳುವುದು ಇಷ್ಟೇ: ಹಳೆಯದರಂತೆ ಹೊಸದು ಮಾಡಬೇಡಿ, ಇರುವುದನ್ನು ರಿಪೇರಿ ಮಾಡಿ. ಅವರ ಸಲಹಾ ಫೋನ್ ಸಾಲು ಇದೆ, ಉಪಯೋಗಿಸಿ.

ಬೆಂಗಳೂರುಬಿಲ್ಡರ್
ಒಳಗಿನ ಪ್ಲಾಸ್ಟರ್ ಹೇಗೂ ಕೆತ್ತುತ್ತಾರೆ. ಮತ್ತೆ ಹಾಕೋದ್ಯಾಕೆ? ಕಲ್ಲು ಹಾಗೇ ಬಿಟ್ರೆ ಎಷ್ಟು ಚೆಂದ!

ಗಾರೆಗಂಗಣ್ಣ
ಚೆಂದ ಫೋಟೋಗೆ. ಕಾಡುಗಲ್ಲಿನ ಒಳಮುಖವನ್ನು ಯಾರೂ ತೋರಿಸಲು ಕಟ್ಟಿದ್ದಲ್ಲ. ಧೂಳು ಉದುರುತ್ತದೆ, ಸಂದಿಯಿಂದ ಗಾಳಿ ಬರುತ್ತದೆ, ಕೋಣೆ ಕತ್ತಲಾಗುತ್ತದೆ. ಹೊರಗೂ ಅಷ್ಟೇ. ಈಗ ಬರಿಗಲ್ಲು ಕಾಣುವ ಎಷ್ಟೋ ಮನೆಗಳಿಗೆ ಹಿಂದೆ ಸುಣ್ಣ ಬಳಿದಿತ್ತು. ಕಿಟಕಿಯ ಕಲ್ಲು ಗೋಡೆಗಿಂತ ಸ್ವಲ್ಪ ಮುಂದೆ ಚಾಚಿದ್ದರೆ ಗಾರೆಗೆ ಜಾಗ ಬಿಟ್ಟಿದ್ದರು ಎಂದು ಅನುಮಾನಿಸಿ. ಸೂರಿನ ಅಡಿಯಲ್ಲಿ ಹಳೇ ಸುಣ್ಣದ ಚೂರು ಹುಡುಕಿ.

ಹೂವಿನಹೊಲ
ಚಳಿಗೆ? ಉಷ್ಣನಿರೋಧಕ ಹಾಕಬಾರದೇ?

ತೇವಮಾಪಕ
ಹಾಕಬಹುದು, ಆದರೆ ಲೋಹದ ಹಾಳೆ ಅಂಟಿಸಿದ ಫೋಮ್ ಹಲಗೆ ಬೇಡ. ಕೋಣೆಯ ಆವಿ ಅದರ ಹಿಂದಿನ ತಣ್ಣನೆ ಕಲ್ಲಿಗೆ ತಾಗಿ ನೀರಾಗುತ್ತದೆ. ಮರದ ನಾರಿನ ಹಲಗೆ 40ರಿಂದ 60 ಮಿ.ಮೀ., ಸುಣ್ಣದ ಗಾರೆಯಲ್ಲಿ ಪೂರ್ತಿ ಮೆತ್ತಿ ಅಂಟಿಸಿ, ಮೇಲೂ ಸುಣ್ಣ. ಹಿಂದೆ ಟೊಳ್ಳು ಬಿಡಬಾರದು. ಮುಖ್ಯವಾಗಿ, ಗೋಡೆ ಒಣಗುವ ಮೊದಲು ಹಾಕಬಾರದು. 25 ಮಿ.ಮೀ. ದಪ್ಪಕ್ಕೆ ತಿಂಗಳು ಎಂಬ ಅಂದಾಜು ಹಿಡಿದರೆ 70 ಸೆಂ.ಮೀ. ಗೋಡೆಗೆ ಎರಡು ವರ್ಷ ದಾಟುತ್ತದೆ. ಉಪ್ಪಿನ ಕೊಟ್ಟಿಗೆ ಕೋಣೆಗಂತೂ ಬೇಡವೇ ಬೇಡ. ಅಟ್ಟದ ಮೇಲೆ ಕುರಿ ಉಣ್ಣೆ ಹಾಸಿ, ಕಿಟಕಿಗೆ ಒಳಗಿನಿಂದ ಎರಡನೇ ಗಾಜು ಹಾಕಿ. ಕಡಿಮೆ ಖರ್ಚಿಗೆ ಹೆಚ್ಚು ಬೆಚ್ಚಗೆ.

ಕಡಲಕರೆ
ಕಿಟಕಿ ಅಂದಾಗ ನೆನಪಾಯಿತು. ಹಿಂದಿನ ಇಳಿಮಾಡಿನಲ್ಲಿ ಕಲ್ಲಿನ ಹಲಗೆ ಇರುವ ಕೋಣೆ ಉಂಟಾ? ಉತ್ತರಕ್ಕೆ ಮುಖ ಮಾಡಿದ್ದರೆ ಹಾಲು-ಚೀಸಿನ ಕೋಣೆ. 1696ರಿಂದ 1851ರವರೆಗೆ ಕಿಟಕಿಗೆ ತೆರಿಗೆ ಇತ್ತು, ಹಾಲಿನ ಕೋಣೆಗೆ ವಿನಾಯಿತಿ ಸಿಗುತ್ತಿತ್ತು. ಅದಕ್ಕೆ ಕೆಲವು ಕಡೆ ಕಿಟಕಿ ಮೇಲೆ ಡೈರಿ ಅಂತ ಬರೆದಿರುತ್ತಿದ್ದರು. ಆದರೆ ಮುಚ್ಚಿದ ಕಿಟಕಿ ಕಂಡಲ್ಲೆಲ್ಲ ತೆರಿಗೆ ಕಾರಣ ಅನ್ನಬೇಡಿ, ಮೆಟ್ಟಿಲು ಜಾಗ ಬದಲಾಯಿಸಿದ್ದಕ್ಕೂ ಮುಚ್ಚುತ್ತಾರೆ.

ನಕ್ಷೆಗಾರ್ತಿ
ಒಲೆಯ ಮೇಲಿನ ತೊಲೆಯಲ್ಲಿ ಕೈವಾರದಿಂದ ಕೊರೆದ ಆರೆಸಳಿನ ಹೂವೋ, ಹನಿಯಾಕಾರದ ಸುಟ್ಟ ಗುರುತೋ ಇದ್ದರೆ ಉಜ್ಜಿ ತೆಗೆಯಬೇಡಿ. ಕೆಡುಕು ತಡೆಯಲೆಂದು ಮಾಡಿದವು ಎಂದು ಬಹಳ ಜನ ವಿದ್ವಾಂಸರು ಓದುತ್ತಾರೆ. ಮರಳು ಚಿಮ್ಮಿಸಿ ತೊಲೆ ತೊಳೆಸುವವರು ಇವನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಅಳಿಸುತ್ತಾರೆ.

ಮೂಲೆಗಲ್ಲು
ಇಷ್ಟೆಲ್ಲದಕ್ಕೂ ಮುಂಚೆ ಅನುಮತಿ. ಪಟ್ಟಿಯಲ್ಲಿರುವ ಕಟ್ಟಡದ ಸ್ವರೂಪಕ್ಕೆ ಧಕ್ಕೆಯಾಗುವ ಕೆಲಸವನ್ನು ಅನುಮತಿ ಇಲ್ಲದೆ ಮಾಡುವುದು 1990ರ ಕಾಯ್ದೆಯಡಿ ಅಪರಾಧ, ದಂಡ ಕಟ್ಟಿ ಮುಗಿಯುವ ಮಾತಲ್ಲ. ಗ್ರೇಡ್ 2 ಅಂದರೆ ಮುಂಗೋಡೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಬಹಳ ಜನರಿಗಿದೆ. ಒಳಗೂ ಅಷ್ಟೇ ಅನ್ವಯ. ನಿಮ್ಮ ಮನೆ ರಾಷ್ಟ್ರೀಯ ಉದ್ಯಾನದ ಗಡಿಯೊಳಗಿದ್ದರೆ ಸ್ಥಳೀಯ ಕೌನ್ಸಿಲ್ ಅಲ್ಲ, ಉದ್ಯಾನದ ಪ್ರಾಧಿಕಾರವೇ ಯೋಜನಾ ಕಚೇರಿ. ಅಲ್ಲಿನ ಹಳೇ ಕಟ್ಟಡದ ಅಧಿಕಾರಿಗೆ ಬರೆಯಿರಿ. ಹಳೆಯದಕ್ಕೆ ತಕ್ಕ ಸಣ್ಣ ರಿಪೇರಿಗೆ ಅನುಮತಿ ಬೇಡ ಅನ್ನಬಹುದು, ಆದರೆ ಆ ಮಾತು ಕಾಗದದಲ್ಲಿ ಇರಲಿ.

ಸ್ವೇಲ್‌ಹೊಳೆ
ಎಲ್ಲರಿಗೂ ಧನ್ಯವಾದ. ಹಾಗಾದರೆ ಯಾವುದು ಮೊದಲು? ಒಂದೇ ವರ್ಷಕ್ಕೆ ಎಲ್ಲ ಆಗುವುದಿಲ್ಲ.

ಜಂತಿತೊಲೆ
ಸೂರಿನ ದೋಣಿ ಮತ್ತು ಇಳಿಕೊಳವೆ. ಮುಂದಿನ ಜೋರುಮಳೆಯಲ್ಲಿ ಕೊಡೆ ಹಿಡಿದು ಮನೆ ಸುತ್ತ ಒಂದು ಸುತ್ತು ಬನ್ನಿ, ಎಲ್ಲಿ ಸೋರುತ್ತದೆ ಅಂತ ಕಾಣುತ್ತದೆ. ಎರಕದ ಕಬ್ಬಿಣದ ಕೊಳವೆಯ ಹಿಂಬದಿ ತುಕ್ಕು ಹಿಡಿದಿರುತ್ತದೆ, ಕನ್ನಡಿ ಇಟ್ಟು ನೋಡಿ. ಆಮೇಲೆ ಹಿಂದಿನ ಕಾಂಕ್ರೀಟ್. ಆಮೇಲೆ ಮಾಡು, ಹೊಗೆಗೂಡು. ಅಟ್ಟಣಿಗೆ ನಿಂತಿರುವಾಗಲೇ ಮೇಲಿನಿಂದ ಕೆಳಗೆ ಪಾಯಿಂಟಿಂಗ್. ಒಳಗಿನ ಗಾರೆ ಕೊನೆಗೆ.

ಗಾರೆಗಂಗಣ್ಣ
ಜಿಪ್ಸಂ ಕೆತ್ತುವುದು ಮಾತ್ರ ಕೊನೆಗಲ್ಲ. ಅಧಿಕಾರಿ ಹೂಂ ಅಂದ ತಕ್ಷಣ ಕೆತ್ತಿ, ಗೋಡೆ ಬರಿಮೈಯಲ್ಲಿ ಒಣಗಲಿ.

ಮೂಲೆಗಲ್ಲು
ಮಾಡು ಬಿಚ್ಚುವ ಯೋಚನೆ ಇದ್ದರೆ ಬಾವಲಿ ಸಮೀಕ್ಷೆ ಮರೆಯಬೇಡಿ. ಕಲ್ಲಿನ ಮಾಡೆಂದರೆ ಬಾವಲಿಗಳಿಗೆ ಇಷ್ಟ, ಕಾನೂನಿನ ರಕ್ಷಣೆಯೂ ಇದೆ. ಸಂಜೆ ಹೊರಬರುವುದನ್ನು ಎಣಿಸುವ ಸಮೀಕ್ಷೆ ಮೇನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಅದು ತಪ್ಪಿದರೆ ಅಟ್ಟಣಿಗೆಯವರನ್ನು ಮುಂದಿನ ವರ್ಷಕ್ಕೆ ತಳ್ಳಬೇಕು. ಇವತ್ತೇ ಫೋನ್ ಮಾಡಿ.

ಸ್ವೇಲ್‌ಹೊಳೆ
ಬಾವಲಿ ಇವೆ. ಹೊಗೆಗೂಡಿನ ಪಕ್ಕದಲ್ಲೇ ಹಿಕ್ಕೆ ಬಿದ್ದಿದೆ.

ಧಾರವಾಡದಾಂವ
ಬಾಡಿಗಿ ಕೇಳ್ರಿ ಮತ್ತ.